ಕಲೆಕ್ಟರ್ ಬರುವವರೆಗೆ

ಮಹಾಗೋಡೆ ಹತ್ತಿ ಇಳಿದ ಮಗಳು ಮಾನಸಾಗೆ,

ಡಾಕ್ಟರಿಕೆ ಓದಲು ಚೀನಾಕ್ಕೆ ಹೋದ ನಿನಗೆ ಅಕ್ಟೋಬರಿನಲ್ಲಿ ಏಳು ದಿನ ರಾಷ್ಟ್ರೀಯ ರಜೆ. ನಮಗೆ ಗಾಂಧಿ ಜಯಂತಿಗೆ ಒಂದೇ ದಿನ. ಅಹಿಂಸೆಗೆ ಅಷ್ಟು ಸಾಕು ಅಂತಿರಬೇಕು. ಅವತ್ತು ಬೆಳಿಗ್ಗೆ ಗೋಡೆಯ ಮೇಲಿಂದ ಫೋಟೋ ಕಳಿಸಿ, 'ಚಿಕ್ಕಪ್ಪಾ, ಬರೀ ಕೊಡೆಗಳೇ! ನಾನು ನಡೀಲೇ ಇಲ್ಲ, ಜನವೇ ತಳ್ಕೊಂಡು ಹೋದ್ರು' ಅಂದಿದ್ದೆ. 'ಗೋಡೆ ನೋಡಲು ಹೋದವಳು ಕೊಡೆ ನೋಡಿ ಬಂದಳು' ಅಂತ ಪ್ರಾಸ ಕಟ್ಟುತ್ತ ಕೂತಿದ್ದೆ. ಆಗ ರಸ್ತೆಯಲ್ಲಿ ಕೂಗು ಕೇಳಿಸಿತು.

ಮಾರನೆಯ ದಿನ ಫೋನಿನಲ್ಲಿ ನೀನು ಒಂದೇ ಮಾತು ಕೇಳಿದೆ: 'ಅಪ್ಪನಿಗೆ ನೋವಾಯ್ತಾ?' 'ಇಲ್ಲ ಮಗಳೇ, ಕ್ಷಣದಲ್ಲಿ ಮುಗೀತು' ಅಂದೆ. ಅದು ಸುಳ್ಳು. ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ಇದನ್ನು ಬರೆದು, ಫೋಟೋ ಹೊಡೆದು ಕಳಿಸುತ್ತಿದ್ದೇನೆ.

ಹಾಲಿನ ಕ್ಯಾನು ಹಿಡಿದು ಸೊಸೈಟಿಗೆ ಹೊರಟಿದ್ದ ನಿನ್ನಪ್ಪನನ್ನು ಆನೆ ಗದ್ದೆಯ ಬದುವಿನಿಂದ ಎತ್ತಿ ರಸ್ತೆಗೆ ಎಸೆದು, ಸೊಂಟದ ಮೇಲೆ ಕಾಲಿಟ್ಟು ಕಾಡಿಗೆ ನಡೆದಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಜನ ಸೇರಿದ್ದರು. ಮುಖದ ಮೇಲೆ ಯಾರೋ ತಮ್ಮ ಹೆಗಲಿನ ತೋರ್ತು ಹೊದಿಸಿದ್ದರು. ಕಾಲು ಎರಡೂ ಹಿಂದುಮುಂದಾಗಿದ್ದವು, ಟಾರಿನ ಮೇಲೆ ಹಾಲಿಗೂ ರಕ್ತಕ್ಕೂ ಗಡಿ ಇರಲಿಲ್ಲ. ನಮ್ಮ ರೂಢಿ ನಿನಗೆ ಗೊತ್ತು: ಆನೆ ಕೊಂದವರನ್ನು ಕಲೆಕ್ಟರ್ ಬಂದು ಪರಿಹಾರ ಹೇಳುವವರೆಗೂ ರಸ್ತೆಯಿಂದ ಎತ್ತಬಾರದು. ಎತ್ತಿದರೆ ಎಲ್ಲರೂ ಮರೆಯುತ್ತಾರೆ. ಅದಕ್ಕೇ ಸುತ್ತ ಕೂತೆವು.

ಅಷ್ಟರಲ್ಲಿ ಗುಂಡ ಬಂದ. ಕಾಡಿನ ಹಾಡಿಯ ನಮ್ಮ ಗುಂಡನೇ, ಈಗ ಅರಣ್ಯ ಇಲಾಖೆಯ ಖಾಕಿ ಅಂಗಿಯ ವಾಚರ್. ತೋರ್ತು ಸರಿಸಿ, ನಿನ್ನಪ್ಪನ ಬಾಯಿಗೆ ಕಿವಿ ಇಟ್ಟು, ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ. 'ಬಾಡಿ ಕದೀತಾನೆ!' ಅಂತ ಒಬ್ಬ ಕೂಗಿದ. 'ಅಡಿಯೆಡಾ ಅವನೆ!' ಅಂತ ಇನ್ನೊಬ್ಬ. ಹೊಡಿ ಅಂತ ಕೂಗಿದ್ದು ಮಲಯಾಳದಲ್ಲಿ, ಹೊಡೆದದ್ದು ನಾನು, ಪಕ್ಕಾ ಕನ್ನಡದಲ್ಲಿ. ಬೇಲಿಯ ಗೂಟ ಕಿತ್ತು ಮೊದಲು ಬೆನ್ನಿಗೆ. ಅವನು ಬಿಡಲಿಲ್ಲ. 'ಉಸಿರದೆ ವಿನೋದಣ್ಣಾ, ಎತ್ತು, ಉಸಿರದೆ' ಅಂದ. ಆ ಬಾಯಿಗೇ ಎರಡನೆಯದು. ದವಡೆ ಮುರಿದ ಸದ್ದು ಒಣ ಬಿದಿರಿನದು. ಅವನು ಬಿದ್ದ ಮೇಲೂ ಉಳಿದವರು ತುಳಿದರು. ಆನೆ ಒಂದೇ ಸಲ ತುಳಿದಿತ್ತು.

ಮುಕ್ಕಾಲು ಗಂಟೆಯ ಮೇಲೆ ಅಧಿಕಾರಿಗಳ ಜೀಪಿನಲ್ಲಿ ಬಂದ ಡಾಕ್ಟರು ನಿನ್ನಪ್ಪನ ಕತ್ತು ಮುಟ್ಟಿ ನೋಡಿ, ಈಗಷ್ಟೇ ಸತ್ತಿದ್ದು ಅಂದರು. ಮೈ ಇನ್ನೂ ಬಿಸಿ ಇತ್ತು. ನನ್ನ ಒಡಹುಟ್ಟಿದ ಅಣ್ಣ ಸಾಯುವವರೆಗೆ ನಾನೇ ಕಾವಲು ಕೂತಿದ್ದೆ, ಮಾನಸಾ.

ಇದಕ್ಕೆ ಪ್ರಾಸ ಸಿಗುವುದಿಲ್ಲ. ಹುಡುಕಿದೆ, ನಾಚಿಕೆಯಾಯಿತು.

ಹೊಡೆದವರು ಯಾರೆಂದು ಪೊಲೀಸರು ಆಸ್ಪತ್ರೆಗೆ ಹೋಗಿ ಕೇಳಿದರಂತೆ, ಗುಂಡ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದನಂತೆ. ಹಾಗಾಗಿ ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ನನ್ನ ಹೆಸರು ನಾನೇ ಹೇಳುತ್ತೇನೆ. ರಜೆಯ ನೂಕುನುಗ್ಗಲು ತಗ್ಗಿ ಟಿಕೆಟ್ ಸಿಕ್ಕಿ ನೀನು ಬರುವಾಗ ನಾನು ಮನೆಯಲ್ಲಿ ಇರಲಿಕ್ಕಿಲ್ಲ. ಮೊದಲು ಗುಂಡನ ಹತ್ತಿರ ಹೋಗು. ನಿನ್ನಪ್ಪ ಕೊನೆಗೆ ಏನಾದರೂ ಹೇಳಿದ್ದರೆ, ಕೇಳಿಸಿಕೊಂಡವನು ಅವನೊಬ್ಬನೇ. ದವಡೆಗೆ ತಂತಿ ಬಿಗಿದಿದ್ದಾರೆ, ಮಾತಾಡಲು ಆರು ವಾರ ಬೇಕಂತೆ. ಕಾದಿರು.

ಹರಸಲು ಈ ಕೈ ಎತ್ತಲಾರೆ. ಬಾಯಲ್ಲಷ್ಟೇ ಹೇಳುತ್ತೇನೆ, ಚೆನ್ನಾಗಿರು.

ನಿನ್ನ ಚಿಕ್ಕಪ್ಪ ಎಂದು ಇನ್ನೂ ಕರೆಯುವುದಾದರೆ,
ವಿನೋದ್