ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಬ್ಯಾಡಗಿ
೧೪ ಮೇ ೨೦೨೫

ಜುಬೇದಾಳ ಅಬ್ಬಾ ಅವರಿಗೆ ದಿಲನಾಜಳ ಸಲಾಂ.

ಫೋನಿನಲ್ಲಿ ಮಾತಾಡುವಾಗ ನಿಮ್ಮ ಅಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಮುಂದೆ ಹೇಳಲಾಗದೆ ಕಾಗದದ ಮೇಲೆ ಬರೆದು ಫೋಟೊ ಕಳಿಸುತ್ತಿದ್ದೇನೆ.

ಪೋಲೆಂಡಿನ ಕಚೇರಿಯವರು ನಿಮಗೆ ಕೊಟ್ಟ ಪತ್ರವನ್ನು ಹಾವೇರಿಯ ವಕೀಲ ಪ್ರವೀಣಕುಮಾರ ಅವರಿಂದ ಓದಿಸಿದೆ. ನುರಿತ ಕೆಲಸಗಾರರೆಂದು ನಿಮಗೆ ವಾಸದ ಪರವಾನಗಿ ಕೊಟ್ಟದ್ದು ಇಲ್ಲಿನ ಕೋಲ್ಡ್ ಸ್ಟೋರೇಜಿನಲ್ಲಿ ಒಂಬತ್ತು ವರ್ಷ ಕಂಪ್ರೆಸರ್ ನೋಡಿಕೊಂಡ ಅನುಭವದ ಮೇಲೆ. ವಿಚಾರಿಸಿದರೆ ಆ ಹೆಸರಿನವರು ಅಲ್ಲಿ ಕೆಲಸ ಮಾಡಿಯೇ ಇಲ್ಲ ಎಂದು ತಿಳಿಯಿತಂತೆ. ಅದಕ್ಕೇ ನವೀಕರಣ ಇಲ್ಲ. ಮೇಲ್ಮನವಿಗೆ ಇನ್ನು ಆರು ದಿನ ಉಳಿದಿವೆ.

ಕೋಲ್ಡ್ ಸ್ಟೋರೇಜಿನ ಮಾಲೀಕ ಕೊಟ್ರೇಶಣ್ಣನ ಮನೆಗೆ ಹೋಗಿದ್ದೆ. ಚಹಾ ಕೊಡಿಸಿದರು. ‘ಅಮೋನಿಯಾ ಸೋರಿದ ದಿನ ಎಲ್ಲಾರೂ ಗೇಟಿಗೆ ಓಡಿದ್ರು. ನಿನ್ನ ಗಂಡ ಒಬ್ಬನೇ ಒಳಗ ಹೋಗಿ ವಾಲ್ವ್ ಬಂದ್ ಮಾಡಿದಾ’ ಎಂದು ಹೊಗಳಿದರು. ಅದನ್ನೇ ಬರೆದು, ಹಾಜರಿ ಪುಸ್ತಕದ ನಕಲು ಕೊಡಿ ಎಂದೆ. ‘ಪುಸ್ತಕದಾಗ ಅವನ ಹೆಸರು ಎಲ್ಲೈತಿ ತಂಗಿ? ಈಗ ಇದ್ದಾ ಅಂತ ಬರದ್ರ, ಒಂಬತ್ತು ವರ್ಷ ಯಾಕ ಹೆಸರು ಹಚ್ಚಲಿಲ್ಲ ಅಂತ ನನ್ನ ಹಿಡೀತಾರ’ ಎಂದರು. ಎರಡು ವರ್ಷದ ಹಿಂದೆ ನೀವೇ ಅನುಭವದ ಪತ್ರ ಕೊಟ್ಟಿದ್ದಿರಲ್ಲ ಎಂದೆ. ‘ಯಾರೂ ಕೇಳೂದಿಲ್ಲ ಅಂತ ಕೊಟ್ಟಿದ್ದೆ’ ಎಂದರು.

ಕೋಲ್ಡ್ ಸ್ಟೋರೇಜಿನ ರೂಢಿ ನಿಮಗೂ ಗೊತ್ತು. ಗುರುತಿಲ್ಲದವರು ಫೋನ್ ಮಾಡಿ ಯಾವ ಕೆಲಸಗಾರನ ಹೆಸರು ಕೇಳಿದರೂ ‘ಆ ಹೆಸರಿನವ್ರು ಯಾರೂ ಇಲ್ರಿ’ ಅನ್ನಬೇಕು, ಕೇಳುವವರು ಲೇಬರ್ ಇನ್ಸ್‌ಪೆಕ್ಟರ್ ಇರಬಹುದು. ನೀವೂ ಎಷ್ಟೋ ಸಲ ಹಾಗೆ ಹೇಳಿದ್ದನ್ನು ಮನೆಗೆ ಬಂದು ನಗುತ್ತ ಹೇಳಿದ್ದೀರಿ. ಪೋಲೆಂಡಿನವರ ಪರವಾಗಿ ದಿಲ್ಲಿಯಿಂದ ವಿಚಾರಣೆಯವರು ಫೋನ್ ಮಾಡಿ ಕೇಳಿದಾಗಲೂ ಅದೇ ಉತ್ತರ ಹೋಗಿದೆ. ಫೋನ್ ಎತ್ತಿದವರು ಯಾರೆಂದು ಮೂರು ಸಲ ಕೇಳಿದಿರಿ. ತಿಳಿದರೂ ಪರವಾನಗಿ ಮರಳಿ ಬರುವುದಿಲ್ಲ.

ನಿಮ್ಮ ಜೊತೆ ಕೆಲಸ ಮಾಡಿದ ಅಸ್ಲಮ್ ಸಾಕ್ಷಿ ಹೇಳಲು ಒಪ್ಪಿದ. ಆದರೆ ಅವನ ಹೆಸರೂ ಪುಸ್ತಕದಲ್ಲಿಲ್ಲ. ಬರಹದ ದಾಖಲೆ ಇಲ್ಲದೆ ಮೇಲ್ಮನವಿ ನಿಲ್ಲುವುದಿಲ್ಲ ಎಂದು ವಕೀಲರು ಕಾಗದಗಳನ್ನು ವಾಪಸು ಕೊಟ್ಟರು.

ನನ್ನ ಮತ್ತು ಜುಬೇದಾಳ ಪಾಸ್‌ಪೋರ್ಟ್ ಕಳೆದ ವಾರ ಬಂದಿವೆ. ಹಿಮದಲ್ಲಿ ಹಾಕುವ ಬೂಟು ಯಾವಾಗ ಕೊಡಿಸುತ್ತೀ ಎಂದು ಅವಳು ದಿನವೂ ಕೇಳುತ್ತಾಳೆ. ನಾನಿನ್ನೂ ಏನೂ ಹೇಳಿಲ್ಲ.

ಬರುವ ದಿನ ಗೊತ್ತಾದರೆ ತಿಳಿಸಿ.

ನಿಮ್ಮ
ದಿಲನಾಜ

ತಾ.ಕ.: ಜನವರಿಯಿಂದ ನಾನು ಅದೇ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಮೆಣಸಿನಕಾಯಿ ಚೀಲ ಇಡುವವರಿಗೆ ಚೀಟಿ ಬರೆಯುತ್ತಿದ್ದೇನೆ. ಕೆಲಸಕ್ಕೆ ಹೋಗಬೇಡ ಎಂದಿದ್ದಿರಿ, ಅದಕ್ಕೇ ಹೇಳಿರಲಿಲ್ಲ. ಆ ದಿನ ಫೋನ್ ಎತ್ತಿದ್ದು ನಾನು. ‘ಖಲಂದರ, ತಂದೆ ಶಮಶೇರಸಾಬ’ ಎಂದು ಹಿಂದಿಯಲ್ಲಿ ಪೂರ್ತಿ ಹೆಸರು ಕೇಳಿದರು. ಕಲಿಸಿದ್ದ ಮಾತು ಬಾಯಿಂದ ಬಂದುಬಿಟ್ಟಿತು. ಕೇಳಿದ್ದು ನಿಮ್ಮನ್ನೇ ಎಂದು ಫೋನ್ ಇಟ್ಟ ಮೇಲೆ ತಿಳಿಯಿತು. ಅವರ ನಂಬರ್ ಫೋನಿನಲ್ಲೇ ಇತ್ತು. ಕೊಟ್ರೇಶಣ್ಣ ಎದುರಿಗೇ ಕೂತಿದ್ದರು, ಕೆಲಸ ಹೋದೀತೆಂದು ತಿರುಗಿ ಮಾಡಲಿಲ್ಲ. ಮರುದಿನ ಅವರು ಬಂದಿರಲಿಲ್ಲ. ಆಗಲೂ ಮಾಡಲಿಲ್ಲ.