ಸ್ಟೋನಿ ಪಾಯಿಂಟ್ ಕೊನೆಯ ಸಲ ಹೊರಡುವ ಮುನ್ನ

ಬ್ರೆಮರ್ಟನ್, ವಾಷಿಂಗ್ಟನ್
ಗುರುವಾರ, 10 ಮೇ 1973

ಪ್ರೀತಿಯ ಲೊರೇನ್,

ಹೇಗಿದ್ದೀ? ರಸೆಲ್‌ನ ಸೊಂಟನೋವು ಈಗ ಹೇಗಿದೆ? ದಿನವಿಡೀ ಟ್ರ್ಯಾಕ್ಟರಿನ ಮೇಲೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಕ್ರಿಸ್‌ಮಸ್ಸಿಗೆ ನೀನು ಬರೆದಿದ್ದೆ. ಗೋಧಿ ಬೆಳೆಯುವವನಿಗೆ ಟ್ರ್ಯಾಕ್ಟರ್ ಹತ್ತಬೇಡ ಎಂದರೆ ಅವನಾದರೂ ಏನು ಮಾಡಿಯಾನು. ಹುಡುಗರಿಬ್ಬರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನಿಮ್ಮ ಜೂಡಿತ್ ಮಾರ್ಚಿನಲ್ಲಿ ಒಂದು ಶನಿವಾರ ಟಕೋಮಾದಿಂದ ಬಂದು ನನ್ನ ಕಿಟಕಿ ಗಾಜುಗಳನ್ನೆಲ್ಲ ಒರೆಸಿಕೊಟ್ಟು, ಶಾಲೆಯ ಮಕ್ಕಳ ಕಥೆ ಹೇಳಿ ನಗಿಸಿ ಹೋದಳು. ನನ್ನ ಬಗ್ಗೆ ಹೇಳುವಂಥದ್ದೇನಿಲ್ಲ. ಎಡಗಣ್ಣು ಮಂಜು, ಬಲಗಣ್ಣಿನಲ್ಲಿ ಕೆಲಸ ನಡೆಯುತ್ತದೆ. ಈ ವಯಸ್ಸಿಗೆ ಇಷ್ಟು ಸಾಕು. ನೀನು ರಸೆಲ್‌ನ ಕೈ ಹಿಡಿದು ಇಷ್ಟು ವರ್ಷವಾದರೂ ಯಾರಾದರೂ ನಿನ್ನ ವಿಷಯ ಕೇಳಿದರೆ ನನ್ನ ಬಾಯಿಗೆ ಬರುವುದು 'ನಮ್ಮ ಸೊಸೆ' ಎಂದೇ. ನಾದಿನಿ ಆಸ್ಟ್ರಿಡ್ ಪ್ರತಿ ಸಲವೂ ತಿದ್ದುತ್ತಾಳೆ, ನಾನು ಪ್ರತಿ ಸಲವೂ ಹಾಗೇ ಹೇಳುತ್ತೇನೆ.

ಊರಿನ ಸುದ್ದಿ ಏನೆಂದರೆ, ಸ್ಟೋನಿ ಪಾಯಿಂಟ್ ವಿಮಾನವಾಹಕ ಹಡಗನ್ನು ಒಡೆಯಲು ಮಾರಿದ್ದಾರೆ. ಮುಂದಿನ ಮಂಗಳವಾರ ಎಳೆದುಕೊಂಡು ಹೋಗುತ್ತಾರೆ. ಮೂರು ವರ್ಷದಿಂದ ಅದು ನಮ್ಮ ಅಡುಗೆಮನೆ ಕಿಟಕಿಗೆ ಎದುರಾಗಿ, ಕೊಲ್ಲಿಯ ಆಚೆ, ಇನ್ನೂ ಕೆಲವು ಮುದಿ ಹಡಗುಗಳ ಸಾಲಿನಲ್ಲಿ ನಿಂತಿದೆ. ಪತ್ರಿಕೆಯವರು ಅದರ ಚರಿತ್ರೆಯನ್ನು ಅರ್ಧ ಪುಟ ಹಾಕಿದ್ದಾರೆ. ಓದಿದೆ. ತಪ್ಪೇನೂ ಇಲ್ಲ. ಆದರೆ ನಮ್ಮ ಮನೆಗೆ ಗೊತ್ತಿರುವ ಚರಿತ್ರೆ ಸ್ವಲ್ಪ ಬೇರೆ. ಅದನ್ನೊಮ್ಮೆ ಮೊದಲಿನಿಂದ ಬರೆಯುತ್ತೇನೆ, ಬೇಸರಪಡದೆ ಓದು.

ಪೂರ್ವ ಕರಾವಳಿಯಲ್ಲಿ ಅದನ್ನು ನೀರಿಗಿಳಿಸಿದ್ದು 1943ರಲ್ಲಿ. ನನ್ನ ಐನಾರ್ ಮೊದಲ ಪ್ರಯಾಣದಿಂದಲೇ ಅದರಲ್ಲಿದ್ದ. ಪನಾಮಾ ಕಾಲುವೆ ದಾಟುವಾಗ ಎರಡೂ ಬದಿಯ ಗೋಡೆಗೆ ಮೈ ಉಜ್ಜಿಕೊಂಡು, ದಡದ ದೀಪದ ಕಂಬಗಳನ್ನು ಕೆಡವಿಕೊಂಡು ಬಂತಂತೆ. 'ಅಮ್ಮಾ, ನಮ್ಮ ಹಡಗು ದಾರಿ ಕೇಳಲ್ಲ, ದಾರಿ ಮಾಡ್ಕೊಳತ್ತೆ' ಎಂದು ಬರೆದಿದ್ದ. ಇಳಿದ ವಿಮಾನವನ್ನು ತಳ್ಳಿ ಮೂಲೆ ಸೇರಿಸುವುದು, ಹಾರಬೇಕಾದದ್ದನ್ನು ತಳ್ಳಿ ತಂದು ಸಾಲಿಗೆ ನಿಲ್ಲಿಸುವುದು, ಇದು ಅವನ ಕೆಲಸ. ಯುದ್ಧಕ್ಕೆ ಹೋದ ಮಗ ಅಲ್ಲಿ ದನ ಬಿಚ್ಚಿ ಕಟ್ಟುತ್ತಿದ್ದಾನೆ ಎಂದು ನಿನ್ನ ಮಾವ ನಗುತ್ತಿದ್ದರು. 1944ರ ಡಿಸೆಂಬರಿನಲ್ಲಿ ಫಿಲಿಪೀನ್ಸ್ ಆಚೆ ಚಂಡಮಾರುತಕ್ಕೆ ಸಿಕ್ಕಿ ಹಡಗಿನ ಮುಂಭಾಗದ ಡೆಕ್ಕು ಸಾರ್ಡೀನ್ ಡಬ್ಬಿಯ ಮುಚ್ಚಳದಂತೆ ಮಡಚಿಕೊಂಡಿತು. ರಿಪೇರಿಗೆ ಬಂದದ್ದು ನಮ್ಮ ಊರಿನ ಹಡಗಿನ ಯಾರ್ಡಿಗೇ. ಆ ಗಾಳಿಯನ್ನು ನಾನು ಇವತ್ತಿಗೂ ಬಯ್ಯುವುದಿಲ್ಲ. ಅದರಿಂದಾಗಿ ಫೆಬ್ರವರಿ ಮುಗಿಯುವವರೆಗೂ ಅವನು ಮನೆಯಲ್ಲಿದ್ದ. ನೀವಿಬ್ಬರೂ ಮಹಡಿಯ ಕೋಣೆಯಲ್ಲಿ ಬೆಳಗಿನ ಕಾಫಿ ಆರಿಹೋಗುವವರೆಗೂ ಏಳುತ್ತಿರಲಿಲ್ಲ.

ಮೇ ತಿಂಗಳಿನದನ್ನು ಪತ್ರಿಕೆ ಒಂದೇ ವಾಕ್ಯದಲ್ಲಿ ಮುಗಿಸಿದೆ: 'ಓಕಿನಾವಾ ಬಳಿ ಆತ್ಮಾಹುತಿ ವಿಮಾನದ ದಾಳಿಗೆ ಒಳಗಾಗಿ, ದುರಸ್ತಿಯ ಬಳಿಕ ಮತ್ತೆ ಸೇವೆಗೆ ಮರಳಿತು.' ಆ ಅಲ್ಪವಿರಾಮದಲ್ಲಿ ಐನಾರ್ ಇದ್ದಾನೆ, ಅವನ ಜೊತೆ ಇನ್ನೂ ಬಹಳ ಮಂದಿ ಇದ್ದಾರೆ. ದುರಸ್ತಿಗೆ ಬಂದದ್ದು ಮತ್ತೆ ಇಲ್ಲಿಗೇ. ಅವರನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, ಬರಿದಾಗಿ ಬಂತು. ನಾವಿಬ್ಬರೂ ದೋಣಿಕಟ್ಟೆಯ ಹತ್ತಿರ ನಿಂತು ನೋಡಿದೆವು, ನಿನಗೆ ಆಗ ಹೊಟ್ಟೆ ಕಾಣಿಸುತ್ತಿತ್ತು. ನೀನು ನನ್ನ ತೋಳು ಹಿಡಿದು, 'ಇಷ್ಟು ದೊಡ್ಡದಾ ಅತ್ತೆ ಇದು? ಇಷ್ಟು ದೊಡ್ಡದ್ರಲ್ಲಿ ಅವರೊಬ್ರಿಗೆ ಬಚ್ಚಿಟ್ಕೊಳ್ಳೋಕೆ ಜಾಗ ಸಿಗ್ಲಿಲ್ವಾ?' ಎಂದೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಯುದ್ಧ ಮುಗಿಯಿತು. ವಿಮಾನ ನಿಲ್ಲಿಸುವ ಅಂಕಣದಲ್ಲಿ ಒಂದರ ಮೇಲೊಂದು ಮಂಚ ಹೊಡೆದು ಸಾವಿರಾರು ಸಿಪಾಯಿಗಳನ್ನು ತುಂಬಿಕೊಂಡು ಮನೆಮನೆಗೆ ತಲುಪಿಸಲು ತಂದಿತು. ಬ್ಯಾಂಡಿನವರು ಬಂದರು, ಹುಡುಗಿಯರು ಬಂದರು. ನಾನು ಮನೆಯಲ್ಲಿ ಬಟ್ಟೆ ಒಗೆದೆ. ನಂತರ ಅದನ್ನು ಮೇಣ, ಪ್ಲಾಸ್ಟಿಕ್ಕು ಸುತ್ತಿ ಇಲ್ಲೇ ಮಲಗಿಸಿದರು. ನೀನು ರಸೆಲ್‌ನನ್ನು ಕಂಡದ್ದೂ ಆ ಹೊತ್ತಿಗೇ. ಅವನನ್ನು ಕರೆತಂದು ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದೆ. ಅವನು ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು, 'ಮಗೂಗೆ ಇನ್ನೂ ಮಾತು ಬಂದಿಲ್ಲ. ಅಪ್ಪ ಅಂತ ಮೊದಲು ಕರೆಯೋದು ನನ್ನನ್ನೇ ಆಗ್ಲಿ ಅಂತ ಆಸೆ' ಎಂದ. ಜೂಡಿತ್ ರಸೆಲ್‌ನ ಮಗಳಾಗಿಯೇ ಬೆಳೆಯಲಿ, ಐನಾರ್‌ನ ಸುದ್ದಿ ಬೇಡ ಎಂದು ಮೂವರೂ ಒಪ್ಪಿದೆವು. ಒಳ್ಳೆಯ ಮನುಷ್ಯ ಕೇಳಿದ, ಕೊಟ್ಟೆ. ಅಂದಿನಿಂದ ನಾನು ಅವಳಿಗೆ ತಾಂತೆ, ನಮ್ಮ ನಾರ್ವೆಯವರ ಬಾಯಲ್ಲಿ ಯಾರ ಕಡೆಯವಳೋ ಒಬ್ಬ ಅತ್ತೆ. ಅವಳು ಬರುವ ಶನಿವಾರಗಳಂದು ಐನಾರ್‌ನ ಫೋಟೋ ದುಪ್ಪಟಿಗಳ ಬೀರುವಿನೊಳಗೆ ಹೋಗುತ್ತದೆ. ನನ್ನ ಮಗನೊಬ್ಬ ಯುದ್ಧದಲ್ಲಿ ಹೋದ ಎಂಬುದಷ್ಟೇ ಅವಳಿಗೆ ಗೊತ್ತು.

ಹಡಗನ್ನು ಕೊರಿಯಾ ಯುದ್ಧಕ್ಕೆ ಮತ್ತೆ ಎಬ್ಬಿಸಿದರು. ಜೆಟ್ಟುಗಳಿಗೆಂದು ಓರೆಯಾದ ಹೊಸ ಡೆಕ್ಕು ಕೂರಿಸಿದರು. ಬಾಹ್ಯಾಕಾಶಕ್ಕೆ ಹೋಗಿ ಸಮುದ್ರಕ್ಕೆ ಬಿದ್ದವರ ಗೂಡನ್ನು ಎತ್ತಿ ತಂದದ್ದೂ ಅದೇ. ಆ ದಿನ ಕಾಲೇಜಿನಿಂದ ಬಂದಿದ್ದ ಜೂಡಿತ್ ನನ್ನ ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, 'ತಾಂತೆ, ಬನ್ನಿ ಬೇಗ, ಎಂಥಾ ಹಡಗು ನೋಡಿ!' ಎಂದು ಕೂಗಿದಳು. ನಾನು ಒಲೆಯ ಮೇಲೆ ಹಾಲಿದೆ ಎಂದೆ. ಆಮೇಲೆ ವಿಯೆಟ್ನಾಂ. ಆ ಬಗ್ಗೆ ಊರಿನಲ್ಲಿ ಎರಡು ಮಾತಿದೆ. ಚರ್ಚಿನ ಕಾಫಿಯ ಹೊತ್ತಿನಲ್ಲಿ ಎರಡನ್ನೂ ಕೇಳಿ ಕಪ್ಪು ತೊಳೆಯಲು ಏಳುತ್ತೇನೆ. ಕೊನೆಗೆ ಬಾವುಟ ಇಳಿಸಿ ಕಿಟಕಿಯೆದುರು ತಂದು ಕಟ್ಟಿದರು. ಪತ್ರಿಕೆಯ ಚರಿತ್ರೆ ಅಲ್ಲಿಗೆ ಮುಗಿಯುತ್ತದೆ.

ನನ್ನದು ಮುಗಿದದ್ದು ಕಳೆದ ಶನಿವಾರ. ಎಳೆದೊಯ್ಯುವ ಮೊದಲು ಹಳೆಯ ನಾವಿಕರು, ಅವರ ಮನೆಯವರು ಒಂದು ಮಧ್ಯಾಹ್ನ ಹತ್ತಿ ನೋಡಬಹುದು ಎಂದು ಪ್ರಕಟಣೆ ಬಂದಿತ್ತು. ನಾನು ಹೋಗುವವಳಲ್ಲ. ಆಸ್ಟ್ರಿಡ್ ಬಿಡಲಿಲ್ಲ. 'ಅತ್ತಿಗೆ, ಮೂರು ವರ್ಷದಿಂದ ಪಾತ್ರೆ ತೊಳೀತಾ ಅದರ ಮುಖ ನೋಡ್ತಾ ಇದ್ದೀರಿ. ಒಂದ್ಸಲ ಹೋಗಿ ಮಾತಾಡಿಸಿ ಬರೋಣ, ಅದೇನು ಕಚ್ಚತ್ತಾ' ಎಂದು ತಾನೇ ನನ್ನ ಕೋಟು ತೊಡಿಸಿದಳು. ಬಾಗಿಲಲ್ಲಿ ಹೆಸರಿನ ಚೀಟಿಯನ್ನು ಎದೆಗೆ ಸಿಕ್ಕಿಸಿದರು. ಒಳಗೆ ತುಕ್ಕು, ಪಾರಿವಾಳದ ಹಿಕ್ಕೆ, ಎಣ್ಣೆಯ ವಾಸನೆ. ಒಂದು ತೆರೆದ ಮೈದಾನಕ್ಕೆ ಸೂರು ಹೊದಿಸಿದಷ್ಟು ದೊಡ್ಡ ಅಂಕಣದಲ್ಲಿ ಮಡಚುವ ಕುರ್ಚಿ ಹಾಕಿದ್ದರು. ಮುದುಕರೆಲ್ಲ ಗೋಡೆ ತಟ್ಟಿ ತಟ್ಟಿ ಇಲ್ಲಿ ನನ್ನ ಮಂಚ, ಅಲ್ಲಿ ಅವನದು ಎಂದು ಜಗಳಾಡುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ನಿಜವಾಗಿ ಏನೂ ಅನ್ನಿಸಲಿಲ್ಲ, ಲೊರೇನ್. ಕಾಲು ನೋಯುತ್ತಿತ್ತು, ಅಷ್ಟೇ.

ಆಗ ಒಬ್ಬ ದಪ್ಪನೆಯ ಮನುಷ್ಯ ಬಂದು ನನ್ನ ಎದೆಯ ಚೀಟಿಯನ್ನು ಬಗ್ಗಿ ಓದಿದ. ಓದಿ ನೆಟ್ಟಗಾಗಲಿಲ್ಲ. 'ಟ್ವೇಟ್ ಅಂದ್ರೆ... ಐನಾರ್ ತಾಯೀನಾ ನೀವು?' ಎಂದ. ಹೌದೆಂದೆ. ಹೆಸರು ಬ್ರಸಾರ್ಡ್, ಲೂಯಿಸಿಯಾನದಿಂದ ಬಂದವನು, ಆಗ ಹಡಗಿನ ಬೇಕರಿಯಲ್ಲಿ ಬ್ರೆಡ್ ಸುಡುತ್ತಿದ್ದನಂತೆ. ಕುರ್ಚಿ ಎಳೆದುಕೊಂಡು ಕೂತ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. 'ನಿಮ್ಮ ಹುಡುಗಂಗೆ ಬಿಸಿ ಬ್ರೆಡ್ ಹುಚ್ಚು ಅಮ್ಮಾ. ಮೇಲೆ ಪಾಳಿ ಮುಗೀತು ಅಂದ್ರೆ ಸೀದಾ ನಮ್ಮ ಹತ್ರ ಇಳಿದು ಬರೋನು. ಆವತ್ತು ಬೆಳಗ್ಗೆ ಟಪಾಲು ಬಂದಿತ್ತು. ಬಾಗಿಲಲ್ಲೇ ನಿಂತ್ಕೊಂಡು ಕೂಗಿದ, ಲೇ, ನಾನು ಅಪ್ಪ ಆಗ್ತಿದೀನಿ ಕಣ್ರೋ, ಬ್ರೆಡ್ ಸಾಕು, ಇವತ್ತು ಕೇಕ್ ಹಾಕ್ರೋ ಅಂತ. ಹಿಟ್ಟಿನ ಮೂಟೆ ಮೇಲೆ ಕೂತು ಹೆಸರು ಹುಡುಕ್ತಾ ಇದ್ದ. ಗಂಡಾದ್ರೆ ನಮ್ಮಪ್ಪನ ಹೆಸರು, ಹೆಣ್ಣಾದ್ರೆ ಅವಳೇ ಇಡಲಿ, ನಾನಿಟ್ರೆ ಹಸುವಿನ ಹೆಸರು ಇಡ್ತೀನಿ ಅಂತಾಳೆ ಅಂದ. ನಾನು, ಇರೋ ಮಾರಾಯ, ಸಕ್ಕರೆ ತರ್ತೀನಿ ಅಂತ ಮುಂದಿನ ಉಗ್ರಾಣಕ್ಕೆ ಹೋದೆ.' ವಿಮಾನ ಬಡಿದದ್ದು ಮೇಲಿನ ಡೆಕ್ಕಿಗೆ. ಗಾಳಿಯ ಕೊಳವೆಗಳಲ್ಲಿ ಹೊಗೆ ಇಳಿದು ಬೇಕರಿ ತುಂಬಿತಂತೆ. ಬೆಂಕಿ ಅಲ್ಲಿಗೆ ಬರಲೇ ಇಲ್ಲ. ಆಮೇಲೆ ಒಳಗೆ ಹೋಗಿ ನೋಡಿದಾಗ ಎಲ್ಲರೂ ಮಲಗಿದ ಹಾಗಿದ್ದರಂತೆ. ಐನಾರ್ ಮೂಟೆಗೆ ಒರಗಿ ಕೂತೇ ಇದ್ದನಂತೆ.

ಆಸ್ಟ್ರಿಡ್‌ಗೆ ಏನಾಯಿತೋ, ಅವಳ ಬಾಯಿಂದ 'ಸಕ್ಕರೆ ಸಿಕ್ತಾ?' ಎಂದು ಬಂದುಬಿಟ್ಟಿತು. ಅವನು ಸಿಟ್ಟಾಗಲಿಲ್ಲ. 'ಸಿಕ್ತು ಮೇಡಂ. ಮಾರನೇ ದಿನದವರೆಗೂ ಕಂಕುಳಲ್ಲೇ ಇತ್ತು. ಯಾರೋ ಬಂದು ಕಿತ್ಕೊಂಡ್ರು' ಎಂದ. ಆಸ್ಟ್ರಿಡ್ ಅಳತೊಡಗಿದಳು. ಅವನೂ ಅತ್ತ. ನಾನು ಇಬ್ಬರ ಮಧ್ಯೆ ಕೂತು ಅವರ ಬೆನ್ನು ತಟ್ಟಿದೆ. 'ಕರ್ತವ್ಯದಲ್ಲಿದ್ದಾಗ' ಎಂದು ಕ್ಯಾಪ್ಟನ್ ಅಂದು ತಿಳಿಸಿದ್ದ ಒಂದೇ ಮಾತನ್ನು ಹಿಡಿದು ಇಷ್ಟು ವರ್ಷವೂ ನಾನು ಐನಾರ್‌ನನ್ನು ಆ ಡೆಕ್ಕಿನ ಮೇಲೆ, ಬೆಂಕಿಯಲ್ಲಿ ನೋಡುತ್ತಿದ್ದೆ. ಮಗ ಸುಟ್ಟುಹೋಗಲಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಕೇಕಿಗೆ ಕಾಯುತ್ತಾ ಕೂತಿದ್ದ. ನಿನ್ನ ಸುದ್ದಿ ಅವನನ್ನು ತಲುಪಿತ್ತು. ಇದು ನಿನಗೆ ತಿಳಿದಿರಬೇಕು ಎಂದು ಬರೆಯುತ್ತಿದ್ದೇನೆ. ಮನೆಗೆ ಬಂದು ನಾನು ಆಲೂಗೆಡ್ಡೆ ಬೇಯಿಸಿದೆ, ಇಬ್ಬರೂ ಹೊಟ್ಟೆ ತುಂಬ ಉಂಡೆವು. ಆ ರಾತ್ರಿ ನಿದ್ದೆಯೂ ಬಂತು.

ಬ್ರಸಾರ್ಡ್ ಹತ್ತಿರ ಒಂದು ಫೋಟೋ ಇತ್ತು. ದಾಳಿಗೆ ಕೆಲವು ವಾರ ಮೊದಲು ಬೇಕರಿಯಲ್ಲಿ ತೆಗೆದದ್ದು. ಐನಾರ್ ಒಂದು ದೊಡ್ಡ ಬ್ರೆಡ್ಡನ್ನು ಮಗುವಿನಂತೆ ಎತ್ತಿಕೊಂಡಿದ್ದಾನೆ, ಮೂಗಿನ ಮೇಲೆಲ್ಲ ಹಿಟ್ಟು, ಕಿವಿಗಳು ಯಾವಾಗಿನಂತೆ ಎರಡು ಬದಿಗೂ ಚಾಚಿಕೊಂಡು. ನನಗೇ ಕೊಟ್ಟ. ಅಲ್ಲಿದ್ದ ಪತ್ರಿಕೆಯ ಹುಡುಗಿ ಅದನ್ನು ಕೇಳಿ ಪಡೆದು ತನ್ನ ಕ್ಯಾಮೆರಾದಲ್ಲಿ ಇಳಿಸಿಕೊಂಡಳು. ಮೊನ್ನೆ ಮಂಗಳವಾರದ ಪತ್ರಿಕೆಯಲ್ಲಿ ಹೆಸರಿನ ಸಮೇತ ಬಂದಿದೆ. ಬ್ರಸಾರ್ಡ್ ಕೊಟ್ಟ ಫೋಟೋವನ್ನೇ ಇದರ ಜೊತೆ ಕಳಿಸುತ್ತಿದ್ದೇನೆ. ನನ್ನ ಹತ್ತಿರ ಬೇರೆ ಇದೆ.

ರಸೆಲ್‌ಗೆ ಸೊಂಟಕ್ಕೆ ಬಿಸಿನೀರಿನ ಚೀಲ ಇಡು, ಅವನು ಬೇಡವೆಂದರೂ ಇಡು. ಹುಡುಗರನ್ನು ನನ್ನ ಪರವಾಗಿ ಅಪ್ಪಿಕೋ. ನಿಮ್ಮ ಮನೆಯ ಮೇಲೆ ದೇವರ ಕಣ್ಣಿರಲಿ, ಹೊಲದ ಮೇಲೆ ಹದವಾದ ಬಿಸಿಲಿರಲಿ.

ಎಂದಿನ ನಿನ್ನ ಅತ್ತೆ,
ರಾಗ್ನಾ ಟ್ವೇಟ್

ತಾ.ಕ.: ಆಸ್ಟ್ರಿಡ್ ಇದನ್ನು ತುರ್ತು ಅಂಚೆಗೆ ಹಾಕಲು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಹೇಳಿಬಿಡುತ್ತೇನೆ. ನಿನ್ನೆ ಸಂಜೆ ಜೂಡಿತ್ ಫೋನ್ ಮಾಡಿದ್ದಳು. ನಾನು ಈ ಕಾಗದ ಬರೆಯಲು ಕೂತದ್ದೇ ಅದನ್ನು ಹೇಳಲಿಕ್ಕೆ. ಹೇಳಲಾರದೆ ಹಡಗಿನ ಕಥೆ ಹೇಳುತ್ತಾ ಹೋದೆ. ಆ ಫೋಟೋವನ್ನು ಟಕೋಮಾದ ಪತ್ರಿಕೆಯೂ ಹಾಕಿದೆಯಂತೆ. ಅಷ್ಟು ದೂರ ಹೋಗುತ್ತದೆಂದು ನನಗೆ ಹೊಳೆಯಲಿಲ್ಲ. ಶಾಲೆಯಲ್ಲಿ ಜೊತೆಯ ಟೀಚರೊಬ್ಬಳು 'ಇದೇನೇ, ನಿನ್ನ ಕಿವಿ ಈ ಹುಡುಗನ ತಲೆಗೆ ಹೇಗೆ ಹೋಯ್ತು' ಎಂದು ನಗುತ್ತಾ ತೋರಿಸಿದಳಂತೆ. ಜೂಡಿತ್ ನಗಲಿಲ್ಲ. ಕೆಳಗೆ ಟ್ವೇಟ್ ಎಂದು ಓದಿದಳು. 'ಇವರು ನಿಮ್ಮ ಮಗ ಅಲ್ವಾ ತಾಂತೆ? ನಮ್ಮಮ್ಮಂಗೆ ಇವರು ಗೊತ್ತಿದ್ರಾ?' ಎಂದು ಕೇಳಿದಳು. 'ನಿಮ್ಮಮ್ಮನ್ನೇ ಕೇಳು ಮಗಾ' ಎಂದೆ. ಅದೂ ಒಂದು ಉತ್ತರವೇ, ಅವಳೇನು ಪೆದ್ದಿಯಲ್ಲ. ಭಾನುವಾರ ತಾಯಂದಿರ ದಿನಕ್ಕೆ ನಿಮ್ಮಲ್ಲಿಗೆ ಕಾರಿನಲ್ಲಿ ಬರುತ್ತಿದ್ದಾಳೆ, ಪತ್ರಿಕೆಯನ್ನೂ ತರುತ್ತಾಳೆ. ನಿನಗೆ ಫೋನ್ ಮಾಡೋಣವೆಂದರೆ ನಿಮ್ಮ ಹಳ್ಳಿಯ ಲೈನಿನಲ್ಲಿ ನೆರೆಯವರ ಕಿವಿಗಳೂ ಇರುತ್ತವೆ. ಅವಳು ಬಂದು ಕೇಳಿದಾಗ ರಸೆಲ್ ನಿನ್ನ ಪಕ್ಕದಲ್ಲಿ ಕೂತಿರಲಿ. ಅವಳಪ್ಪ ಅವನೇ, ಅದು ಬದಲಾಗುವುದಿಲ್ಲ, ನಾನು ಬದಲಾಯಿಸಲು ಬಿಡುವುದೂ ಇಲ್ಲ. ಆದರೆ ಕೇಕಿನ ವಿಷಯ ಅವಳಿಗೆ ಹೇಳು. ಫೋನ್ ಇಡುವ ಮುಂಚೆ ಅವಳು, 'ಹಾಗಿದ್ರೆ ನೀವು ನಂಗೆ ಏನಾಗ್ಬೇಕು?' ಎಂದಳು. ಅದನ್ನು ನೀನೇ ಹೇಳಬೇಕು.