ವೀಟೋ ಶಾಯಿ ಎಳೆಯದ ಪುಟಗಳು

೧೯೬೨ ಅಕ್ಟೋಬರ್ ೧೧, ಗುರುವಾರ. ಬ್ರೂಕ್ಲಿನ್.

ನನ್ನ ಪೆನ್ಸಿಲ್ ಚಿತ್ರಗಳಿಗೆ ಇನ್ನು ಜೊತೆಗಾರ ವೀಟೋ ಶಾಯಿ ಎಳೆಯುವುದಿಲ್ಲ. ಸಂಪಾದಕ ಹರ್ಷೆಲ್ ಮಧ್ಯಾಹ್ನ ಫೋನಿನಲ್ಲಿ ತಿಳಿಸಿದ.

"ಅವನನ್ನ ಬೇರೆ ಪತ್ರಿಕೆಗೆ ಹಾಕಿದೀನಿ. ಪುಟಗಳನ್ನ ನನಗೇ ತಂದ್ಕೊಡು, ಹೊಸಬನಿಗೆ ನಾನು ಕೊಡ್ತೀನಿ."

ಕಾಮಿಕ್ಸ್ ನಾಯಕ ಗಿಡುಗವೀರನನ್ನು ಹುಟ್ಟಿಸಿದವನು ನಾನೆಂದು ದೇಶಕ್ಕೆಲ್ಲ ಗೊತ್ತು. ಬೇಸಿಗೆಯಿಂದ ನನ್ನ ಬಲಗೈ ನಡುಗುತ್ತಿರುವುದು ವೀಟೋಗೆ ಮಾತ್ರ ಗೊತ್ತು. ಪುಟಗಳನ್ನು ನೇರವಾಗಿ ಅವನ ಮನೆಗೇ ಕಳಿಸುತ್ತಿದ್ದೆ. ನನ್ನ ಸೊಟ್ಟ ಗೆರೆಯ ಮೇಲೆ ಅವನು ಶಾಯಿಯಲ್ಲಿ ನೇರ ಗೆರೆ ಎಳೆದು, ಪೆನ್ಸಿಲಿನ ಗುರುತನ್ನು ರಬ್ಬರಿನಿಂದ ಅಳಿಸಿಬಿಡುತ್ತಿದ್ದ. ಆಫೀಸಿಗೆ ಹೋಗುತ್ತಿದ್ದುದು ಅವನ ಶಾಯಿ ಮಾತ್ರ.

ಸಂಜೆ ಅವನಿಗೆ ಫೋನ್ ಮಾಡಿದೆ.

"ದೊರೆ, ನಿಮ್ಮ ಗಿಡುಗ ಬೇಸಿಗೆಯಿಂದ ಕುಡಿದು ಹಾರ್ತಿದೆ," ಎಂದು ನಕ್ಕ. ಆಮೇಲೆ ಮೆಲ್ಲಗೆ, "ಹರ್ಷೆಲ್‌ಗೆ ನೀವೇ ಹೇಳ್ಬಿಡಿ."

"ಹೇಳಿದ್ರೆ ಗಿಡುಗನ್ನ ಕಿತ್ಕೊಂಡು ಬೇರೆಯವ್ರಿಗೆ ಕೊಡ್ತಾನೆ ಕಣೋ."

"ಹೇಳ್ದಿದ್ರೆ? ಅವನಿಗೇನು ಕಣ್ಣಿಲ್ವಾ?"

ಊಟವಾದ ಮೇಲೆ ಮೊದಲ ಪುಟದ ಮುಖವನ್ನು ಮತ್ತೆ ಮತ್ತೆ ಅಳಿಸಿ ಬರೆದೆ. ಕಾಗದ ತೆಳುವಾಯಿತು, ದವಡೆಯ ಗೆರೆ ನೇರವಾಗಲಿಲ್ಲ. ಹೇಳಬೇಕೋ ಬೇಡವೋ ಇನ್ನೂ ತೋಚಿಲ್ಲ.

ನಾಳೆ ಬೆಳಗ್ಗೆ ಹತ್ತಕ್ಕೆ ಈ ಪುಟಗಳನ್ನು ಹರ್ಷೆಲ್‌ನ ಮೇಜಿನ ಮೇಲಿಡಬೇಕು.